ನೆಲದ ಯೋಗ್ಯತೆ, ಜೀವದ ಯೋಗ್ಯತೆ

ಬೀಜದ ಹತ್ತಿಗೆ ಹೊಲ ಆರಿಸುವುದೆಂದರೆ ತೀರ್ಪು ಕೊಡುವ ಕೆಲಸ. ಈ ಹೊಲ ನಡೆಯುತ್ತದೆ, ಆ ಹೊಲ ನಡೆಯುವುದಿಲ್ಲ ಎನ್ನಬೇಕು. ಹಾಗೆನ್ನುವ ಅಧಿಕಾರ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಗೆ ಬಂದಾಗ ನಿಲ್ಲಬೇಕು? ಒಕ್ಕಲುತನದಲ್ಲಿ ಹುಟ್ಟಿದ ಈ ಪ್ರಶ್ನೆ ನನ್ನ ಮಟ್ಟಿಗೆ ಧರ್ಮದ ಪ್ರಶ್ನೆಯಾಗಿ ಬೆಳೆದಿದೆ.

ನಮ್ಮದು ಮಾಧವರಂ. ಆದವಾನಿಯಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ತುಂಗಭದ್ರೆಯ ದಂಡೆಗಿರುವ ಊರು. ಹೊಳೆ ದಾಟಿದರೆ ಕರ್ನಾಟಕ. ಆದವಾನಿ ತಾಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಲೂರು, ರಾಯದುರ್ಗಗಳ ಜೊತೆ ಆಂಧ್ರಕ್ಕೆ ಸೇರಿತು. ಮನೆಯಲ್ಲಿ ಕನ್ನಡ ಉಳಿಯಿತು. ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದೆ. ಅಪ್ಪ ಬಿಟ್ಟುಹೋದ ಎರೆಹೊಲವಿದೆ, ಜೊತೆಗೊಂದು ತುಂಡು ಮಸಾರಿ. ಮುಂಗಾರಿಗೆ ಮುಂಚೆ ಸೀಡ್ ಹತ್ತಿ ಹಾಕಬೇಕೆನ್ನುವ ಹುಡುಗರು ಬಂದು, "ಸಾರ್, ನಮ್ಮ ಹೊಲ ಸೀಡಿಗೆ ನಡಿತದೇನ್ರಿ? ಒಮ್ಮೆ ಬಂದು ನೋಡ್ರಿ" ಎಂದು ಕರೆಯುತ್ತಾರೆ. ನಾನು ಓದಿಸಿದ ಹುಡುಗರೇ ಹೆಚ್ಚು. ಹೋಗುತ್ತೇನೆ.

ಮೊದಲು ಮಣ್ಣು ನೋಡಬೇಕು. ಹತ್ತಿಯ ಬೇರು ಆಳಕ್ಕೆ ಇಳಿಯುವಂಥದ್ದು. ಎರೆ ಆಳವಾಗಿರಬೇಕು, ಕೆಳಗೆ ಗರಸು ಬೇಗ ತಾಗಬಾರದು. ನೀರು ಹಿಡಿದುಕೊಳ್ಳಬೇಕು, ಆದರೆ ನಿಲ್ಲಿಸಿಕೊಳ್ಳಬಾರದು. ಎರಡು ದಿನ ನೀರು ನಿಂತರೆ ಗಿಡ ಹಳದಿಗೆ ತಿರುಗಿ, ಮೊಗ್ಗು ಉದುರಿಸುತ್ತದೆ. ಕಾಲುವೆ ನೀರು ಹರಿದು ಹರಿದು ಸೌಳಾದ ನೆಲ ಬೇಡ. ಸೊರಗು ರೋಗ ಕಂಡ ನೆಲವೂ ಬೇಡ. ಹೋದ ವರ್ಷ ಬೇರೆ ಹತ್ತಿ ಬೆಳೆದಿದ್ದರೆ ಅದರ ಉದುರು ಬೀಜ ಮಳೆಗೆ ಮೊಳೆತು, ನಾವು ಹಾಕಿದ ಗಿಡಗಳ ನಡುವೆ ಗುರುತು ಸಿಗದಂತೆ ನಿಲ್ಲುತ್ತದೆ. ಅರಳೆಗಾಗಿ ಬೆಳೆಯುವ ಹತ್ತಿಗೆ ಇದರಿಂದ ನಷ್ಟವಿಲ್ಲ. ಬೀಜಕ್ಕಾಗಿ ಬೆಳೆಯುವ ಹತ್ತಿಗೆ ಇಂಥ ಹತ್ತಾರು ಗಿಡ ಸಾಕು, ಇಡೀ ಬೆಳೆ ಕೆಡುತ್ತದೆ.

ಆಮೇಲೆ ನೆರೆಹೊರೆ ನೋಡಬೇಕು. ಹೈಬ್ರಿಡ್ ಬೀಜದ ಹೊಲಕ್ಕೂ ಬೇರೆ ಹತ್ತಿಗೂ ನಡುವೆ ಕಡಿಮೆಯೆಂದರೆ 30 ಮೀಟರ್ ಅಂತರ ಇರಬೇಕೆಂದು ಬೀಜ ಪ್ರಮಾಣನದ ನಿಯಮ ಹೇಳುತ್ತದೆ. ನಮ್ಮದೇ ಹೊಲದಲ್ಲಿ ಗಂಡು ಗಿಡದ ಪಾಲಿಗೂ ಹೆಣ್ಣು ಗಿಡದ ಪಾಲಿಗೂ ನಡುವೆ 5 ಮೀಟರ್ ಬಿಡಬೇಕು. ಹತ್ತಿಯ ಪರಾಗ ಭಾರ, ಅಂಟು, ಗಾಳಿಗೆ ಹಾರುವುದಿಲ್ಲ. ಜೇನು, ದುಂಬಿ ಹೊತ್ತು ತರುತ್ತವೆ. ಅವಕ್ಕೆ ಬದುವಿನ ಲೆಕ್ಕವಿಲ್ಲ. ಆದ್ದರಿಂದ ನನ್ನ ಹೊಲ ಸೀಡಿಗೆ ಯೋಗ್ಯವೋ ಅಲ್ಲವೋ ಎಂಬುದನ್ನು ನನ್ನ ಹೊಲ ಒಂದೇ ಹೇಳಲಾರದು. ಪಕ್ಕದ ಹೊಲದವನು ಏನು ಬಿತ್ತುತ್ತಾನೆ ಎಂಬುದೂ ಹೇಳಬೇಕು. ಎಷ್ಟೋ ಸಲ ಮಣ್ಣು ಬಂಗಾರದಂತಿದ್ದರೂ ನೆರೆಯವರ ಜೊತೆ ಮಾತು ಬಿಟ್ಟವನ ಹೊಲ ಸೀಡಿಗೆ ನಡೆಯುವುದಿಲ್ಲ.

ಹೀಗೆ ನೋಡುತ್ತಾ ಹೋದಂತೆ ಯೋಗ್ಯತೆ ಎಂಬುದು ಮಣ್ಣಿನೊಳಗೆ ಹೂತಿಟ್ಟ ವಸ್ತುವಲ್ಲ ಎಂದು ನನಗೆ ತಿಳಿಯುತ್ತಾ ಬಂತು. ಯಾವ ಬೆಳೆಗೆ, ಯಾವ ನೀರಿಗೆ, ಯಾರ ಪಕ್ಕಕ್ಕೆ ಎಂದು ಕೇಳದೆ ಯಾವ ನೆಲದ ಯೋಗ್ಯತೆಯನ್ನೂ ಹೇಳಲು ಬರುವುದಿಲ್ಲ. ಎರೆಯಲ್ಲಿ ಕೊಳೆಯುವ ಶೇಂಗಾ ಮಸಾರಿಯಲ್ಲಿ ಚೆನ್ನಾಗಿ ಬರುತ್ತದೆ. ಇವತ್ತಿನ ಯೋಗ್ಯತೆ ನಾಳೆಗೂ ಇರುತ್ತದೆಂಬ ಭರವಸೆಯೂ ಇಲ್ಲ. 2009ರ ಅಕ್ಟೋಬರ್ 2ರ ಹೊತ್ತಿಗೆ ತುಂಗಭದ್ರೆ ಉಕ್ಕಿ ಮಂತ್ರಾಲಯದ ಮಠದೊಳಗೆ ನುಗ್ಗಿದಾಗ ದಂಡೆಯ ಹೊಲಗಳ ಮಣ್ಣು ಕೊಚ್ಚಿಹೋಯಿತು. ತಲೆಮಾರುಗಳಿಂದ ಒಳ್ಳೆಯದು ಎನಿಸಿಕೊಂಡಿದ್ದ ನೆಲದ ಮೇಲೆ ಉಸುಕು ಬಂದು ಕೂತಿತು.

ಇಷ್ಟು ಹೊಲದ ಮಾತು. ನನ್ನನ್ನು ಕಾಡಿದ್ದು ಇದರ ಮುಂದಿನ ಮಾತು. ನೆಲಕ್ಕೆ ಯೋಗ್ಯತೆ ಇರುವಂತೆ ಜೀವಕ್ಕೂ ಇದೆಯೇ? ಇದ್ದರೆ ಅದನ್ನು ಆರಿಸಿ ಹೇಳುವವರು ಯಾರು?

ನಾನು ಮಾಧ್ವ ಮನೆಯಲ್ಲಿ ಬೆಳೆದವನು. ಹೊಳೆಯಾಚೆಯ ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರವನ್ನು ಅಪ್ಪ ಬೆಳಗಿನ ಹೊತ್ತು ಹೇಳಿಕೊಳ್ಳುತ್ತಿದ್ದರು. ನಮ್ಮ ಸಿದ್ಧಾಂತದಲ್ಲಿ ಜೀವಜೀವಕ್ಕೂ ಸ್ವರೂಪಯೋಗ್ಯತೆ ಬೇರೆ. ಅದು ಅನಾದಿ, ದೇವರು ಅದನ್ನು ಹುಟ್ಟಿಸಿದ್ದಲ್ಲ, ಅಳಿಸುವುದೂ ಇಲ್ಲ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆ. ಯೋಗ್ಯತೆ, ಅನಾದಿಕರ್ಮ, ಪ್ರಯತ್ನ ಈ ಮೂರನ್ನು ಅನುಸರಿಸಿ ದೇವರು ಫಲ ಕೊಡುತ್ತಾನೆ. ಚಿಕ್ಕಂದಿನಲ್ಲಿ ಇದು ನನಗೆ ಹೊಲದ ಮಾತಿನಷ್ಟೇ ಸಹಜವಾಗಿ ಕೇಳಿಸುತ್ತಿತ್ತು. ಬೇವಿನ ಬೀಜದಿಂದ ಬೇವು, ಹತ್ತಿಯ ಬೀಜದಿಂದ ಹತ್ತಿ. ಮಳೆ ಎರಡಕ್ಕೂ ಒಂದೇ.

ಮಳೆಯ ಈ ದೃಷ್ಟಾಂತ ನಮ್ಮವರು ಮಾತ್ರ ಹೇಳಿದ್ದಲ್ಲ. ಲೋಕದಲ್ಲಿ ಒಬ್ಬ ಸುಖಿ, ಒಬ್ಬ ದುಃಖಿ. ಹಾಗಾದರೆ ದೇವರು ಪಕ್ಷಪಾತಿಯೇ, ನಿರ್ದಯಿಯೇ ಎಂಬ ಆಕ್ಷೇಪಕ್ಕೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಉತ್ತರವಿದೆ. ಅಲ್ಲಿ ಶಂಕರಾಚಾರ್ಯರು ಈಶ್ವರನನ್ನು ಮಳೆಯಂತೆ ಕಾಣಬೇಕು ಎನ್ನುತ್ತಾರೆ. ಭತ್ತಕ್ಕೂ ಜವೆಗೂ ಮಳೆ ಸಮಾನ ಕಾರಣ, ಭೇದ ಬರುವುದು ಆಯಾ ಬೀಜದ ಶಕ್ತಿಯಿಂದ. ಹಾಗೆಯೇ ಜೀವರ ಭೇದಕ್ಕೆ ಅವರವರ ಕರ್ಮವೇ ಕಾರಣ. ದ್ವೈತಿಗಳೂ ಅದ್ವೈತಿಗಳೂ ಎಷ್ಟೋ ವಿಷಯದಲ್ಲಿ ಜಗಳವಾಡಿದರೂ ದೇವರ ಮೇಲೆ ದೋಷ ಬರಬಾರದೆಂಬಲ್ಲಿ ಒಂದೇ ಕಡೆ ನಿಲ್ಲುತ್ತಾರೆ. ಆದವಾನಿಯ ಇಗರ್ಜಿಗಳಲ್ಲಿ ಓದುವ ಮತ್ತಾಯನ ಸುವಾರ್ತೆ ಮಾತ್ರ ಲೆಕ್ಕವನ್ನು ತಿರುವಿ ಹಾಕುತ್ತದೆ. ಬಿತ್ತುವವನ ಕೈಯ ಬೀಜ ಒಂದೇ. ದಾರಿಯಲ್ಲಿ ಬಿದ್ದದ್ದು, ಕಲ್ಲುನೆಲದಲ್ಲಿ ಬಿದ್ದದ್ದು, ಮುಳ್ಳಿನಲ್ಲಿ ಬಿದ್ದದ್ದು, ಒಳ್ಳೆಯ ನೆಲದಲ್ಲಿ ಬಿದ್ದದ್ದು ಎಂದು ನೆಲದಿಂದ ಫಲ ಬೇರೆಯಾಯಿತು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬೀಜ ದೊಡ್ಡದೋ ಕ್ಷೇತ್ರ ದೊಡ್ಡದೋ ಎಂಬ ಚರ್ಚೆಯೇ ನಡೆದಿದೆ. ಹೆಣ್ಣನ್ನು ಕ್ಷೇತ್ರ, ಗಂಡನ್ನು ಬೀಜ ಎಂದು ಇಟ್ಟುಕೊಂಡು, ಸಾಮಾನ್ಯವಾಗಿ ಬೀಜವೇ ದೊಡ್ಡದು ಎಂದು ಆ ಗ್ರಂಥ ಹೇಳುತ್ತದೆ.

ಸೀಡ್ ಹತ್ತಿಯ ಸಾಲಿನಲ್ಲಿ ನಿಂತವನಿಗೆ ಮನುವಿನ ಈ ಮಾತು ಒಪ್ಪುವುದಿಲ್ಲ. ಅಲ್ಲಿ ಹೆಣ್ಣು ಗಿಡವೂ ಬೀಜದಿಂದಲೇ ಬಂದದ್ದು, ಗಂಡು ಗಿಡವೂ ಬೀಜದಿಂದಲೇ ಬಂದದ್ದು. ಹುಟ್ಟುವ ಬೀಜಕ್ಕೆ ಇಬ್ಬರದೂ ಅರ್ಧರ್ಧ. ಹೆಣ್ಣು ಬರೀ ಹೊಲವೆಂಬ ಮಾತು ಹೊಲದಲ್ಲೇ ಸುಳ್ಳಾಗುತ್ತದೆ.

ಇನ್ನೂ ಒಂದು ಸಂಗತಿಯನ್ನು ಹತ್ತಿ ತೋರಿಸಿಕೊಟ್ಟಿದೆ. ನಮ್ಮ ಸೀಮೆಯಲ್ಲಿ ಹಿಂದೆ ಬೆಳೆಯುತ್ತಿದ್ದದ್ದು ಜವಾರಿ ಹತ್ತಿ. ಬಳ್ಳಾರಿ, ಕರ್ನೂಲು, ಅನಂತಪುರದ ಅರಳೆಯನ್ನು ವ್ಯಾಪಾರಿಗಳು ವೆಸ್ಟರ್ನ್ಸ್ ಎಂದು ಕರೆಯುತ್ತಿದ್ದರು. 1970ರಲ್ಲಿ ಸೂರತ್ತಿನಲ್ಲಿ ಸಿ.ಟಿ. ಪಟೇಲರು ಎಚ್-4 ಎಂಬ ಹೈಬ್ರಿಡ್ ಕೊಟ್ಟರು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ತಂದರು. ಅಂದರೆ 30 ಮೀಟರ್ ದೂರವಿಟ್ಟು, ಬೇರೆ ಗಿಡ ಕಿತ್ತು, ಇಷ್ಟೆಲ್ಲ ಶುದ್ಧಿ ಕಾಯುವುದು ಕೊನೆಗೆ ಎರಡನ್ನು ಒಂದುಮಾಡುವುದಕ್ಕಾಗಿ. ಒಂದೇ ಕುಲದೊಳಗೆ ಸುತ್ತಿದ್ದರೆ ಬರದ ಬಲ ಈ ಕೂಡಿಕೆಯಿಂದ ಬರುತ್ತದೆ. ಆ ಬಲವೂ ಒಂದೇ ತಲೆಮಾರಿನದು. ಹೈಬ್ರಿಡ್ ಹತ್ತಿಯ ಬೀಜವನ್ನು ಎತ್ತಿಟ್ಟು ಮರುವರ್ಷ ಬಿತ್ತಿದರೆ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ, ಇಳುವರಿ ಇಳಿಯುತ್ತದೆ. ಹಿರಿಯರ ದೊಡ್ಡಸ್ತಿಕೆ ಮಕ್ಕಳಿಗೆ ಇಡಿಯಾಗಿ ಇಳಿದುಬರುತ್ತದೆ ಎನ್ನುವುದಕ್ಕೆ ಬೀಜದ ಶಾಸ್ತ್ರದಲ್ಲಿ ಆಧಾರ ಸಿಗುವುದಿಲ್ಲ. ಆದರೂ ನಾವು ಕುಲದ ಹೆಮ್ಮೆಗೆ ಬೀಜದ ಮಾತನ್ನೇ ಸಾಕ್ಷಿಗೆ ಕರೆದಿದ್ದೇವೆ. ಯೋಗ್ಯತೆಯ ಸಿದ್ಧಾಂತವನ್ನು ಹಿಡಿದು, ಇವನು ಇಂಥ ಮನೆಯವನು, ಇವನಿಗೆ ಅಕ್ಷರ ಹತ್ತುವುದಿಲ್ಲ ಎಂದು ಜಗುಲಿಯಲ್ಲಿ ಕೂತು ತೀರ್ಪು ಹೇಳಿದ್ದೇವೆ. ನಾನು ಇದನ್ನು ಕೇಳುತ್ತಲೇ ಬೆಳೆದೆ, ಶಾಲೆಯ ಕೋಣೆಯಲ್ಲೂ ಕೇಳಿದೆ.

ಇದಕ್ಕೆ ಉತ್ತರ ನಮ್ಮ ಸಿದ್ಧಾಂತದ ಒಳಗೇ ಇದೆ ಎಂದು ನಾನು ನಂಬುತ್ತೇನೆ. ಸ್ವರೂಪಯೋಗ್ಯತೆ ಕಣ್ಣಿಗೆ ಕಾಣುವಂಥದ್ದಲ್ಲ. ಅದನ್ನು ಬಲ್ಲವನು ದೇವರು. ಅವನು ತೋರಿಸಿದರೆ ಅಪರೋಕ್ಷಜ್ಞಾನಿಗಳು ಬಲ್ಲರು. ಜಾತಿ, ಮನೆ, ಬಣ್ಣ, ಬಡತನ ಇವು ದೇಹದ ಸಂಗತಿಗಳು, ಈ ಜನ್ಮದ ಹೊರವೇಷ. ಇವನ್ನು ನೋಡಿ ಒಳಗಿನ ಜೀವಕ್ಕೆ ಬೆಲೆ ಕಟ್ಟುವವನು ದೇವರ ಪೀಠದಲ್ಲಿ ತಾನು ಕೂತಂತಾಯಿತು. ಯೋಗ್ಯತೆ ಇದೆ ಎಂದು ನಂಬುವವನೇ ಅದರ ಬಗ್ಗೆ ಬಾಯಿ ಕಟ್ಟಿಕೊಳ್ಳಬೇಕು. ನಮ್ಮ ಪಾಲಿಗೆ ಬಂದಿರುವುದು ಮೂರರಲ್ಲಿ ಕೊನೆಯದು, ಪ್ರಯತ್ನ.

ಬೀಜದ ವಿಷಯದಲ್ಲಿ ನಾವು ಈ ವಿನಯವನ್ನು ಈಗಾಗಲೇ ಪಾಲಿಸುತ್ತಿದ್ದೇವೆ. ಸೀಡ್ ಹತ್ತಿಯ ಬೀಜ ಕಂಪನಿಗೆ ಹೋದ ಕೂಡಲೇ ಅದು ಒಳ್ಳೆಯದೆಂದು ಯಾರೂ ಒಪ್ಪುವುದಿಲ್ಲ. ಕೈಯಲ್ಲಿ ಹಿಡಿದು ನೋಡಿದರೆ ಕೆಟ್ಟ ಬೀಜ, ಒಳ್ಳೆಯ ಬೀಜ ಒಂದೇ ಥರ. ಆದ್ದರಿಂದ ಮಾದರಿ ತೆಗೆದು ಬಿತ್ತಿ, ಗಿಡ ಎದ್ದು ಹೂವಾಗುವವರೆಗೆ ಕಾದು, ಒಂದೊಂದು ಗಿಡವನ್ನೂ ನೋಡಿ ಆಮೇಲೆ ಹೇಳುತ್ತಾರೆ. ಜಿಓಟಿ ಎಂದು ಇದಕ್ಕೆ ಹೆಸರು. ನೂರಕ್ಕೆ 90 ಗಿಡ ಸರಿಯಾಗಿ ಬಂದರೆ ಹೈಬ್ರಿಡ್ ಹತ್ತಿ ಪಾಸು. ಬಿತ್ತದೆ, ನೀರು ಕೊಡದೆ, ಕಾಯದೆ ತೀರ್ಪಿಲ್ಲ. ಒಂದು ಹಿಡಿ ಹತ್ತಿಕಾಳಿಗೆ ಇಷ್ಟು ನ್ಯಾಯ ಕೊಡುವ ನಾವು ಊರಿನ ಮಗುವಿಗೆ ಕೊಡಬೇಡವೇ?

ಆರಿಸುವುದು ಹೇಗೆಂದು ನನಗೆ ಕಲಿಸಿದವರು ರಾಯರು. ಆದವಾನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ರಾಘವೇಂದ್ರ ಸ್ವಾಮಿಗಳಿಗೆ ಊರು ಉಂಬಳಿ ಕೊಡಲು ಮುಂದಾದಾಗ ಅವರು ಮಂಚಾಲೆಯನ್ನು ಕೇಳಿದರೆಂದು ಪ್ರತೀತಿ. ಬರಡು ಊರು ಅದು, ಬೇರೆ ಫಲವತ್ತಾದ ಊರು ತೆಗೆದುಕೊಳ್ಳಿ ಎಂದರೂ ಅವರು ಮಂಚಾಲೆಯನ್ನೇ ಹಿಡಿದರು. ಹಿಂದೆ ಪ್ರಹ್ಲಾದ ಯಜ್ಞ ಮಾಡಿದ ನೆಲ ಅದೆಂಬುದು ಅವರ ಕಾರಣ. ಬೆಳೆಯ ಲೆಕ್ಕದಲ್ಲಿ ಕಡೆಯದಾದ ನೆಲವೇ ಇಂದಿನ ಮಂತ್ರಾಲಯ. 1671ರಲ್ಲಿ ಅವರು ವೃಂದಾವನ ಪ್ರವೇಶಿಸಿದರು. ಆ ವೃಂದಾವನದ ಕಲ್ಲಿನ ಕತೆಯಲ್ಲಿ ನಮ್ಮ ಊರೂ ಬರುತ್ತದೆ. ಆದವಾನಿಯ ದಿವಾನ ವೆಂಕಣ್ಣ ಒಂದು ವೃಂದಾವನ ಕಡೆಸಿ ತಂದಿದ್ದರಂತೆ. ರಾಯರು ಅದನ್ನು ಮುಂದೆ ಬರುವ ಇನ್ನೊಬ್ಬ ಯತಿಗೆ ಇಡಿಸಿ, ಮಾಧವರದಲ್ಲಿ ಶ್ರೀರಾಮ ಕುಳಿತಿದ್ದನೆನ್ನುವ ಕಪ್ಪು ಬಂಡೆಯನ್ನು ತೋರಿಸಿ ಅದರಿಂದ ತಮ್ಮ ವೃಂದಾವನ ಮಾಡಿಸಿದರಂತೆ. ಮೊದಲಿನ ಕಲ್ಲು ವಾದೀಂದ್ರ ತೀರ್ಥರ ವೃಂದಾವನವಾಗಿ ರಾಯರ ಪಕ್ಕದಲ್ಲೇ ನಿಂತಿದೆ.

ಈ ಕತೆಯಲ್ಲಿ ನಾನು ಎರಡು ಪಾಠ ಕಾಣುತ್ತೇನೆ. ಒಂದು, ತಾವು ಆರಿಸದ ಕಲ್ಲನ್ನು ರಾಯರು ಅಯೋಗ್ಯ ಎನ್ನಲಿಲ್ಲ. ಅದರ ಹೊತ್ತು, ಅದರ ಕೆಲಸ ಬೇರೆ ಎಂದರು. ನನ್ನ ಮಸಾರಿಯನ್ನು ನಾನು ಸೀಡಿಗೆ ಬೇಡ ಎನ್ನಬಹುದು, ಕೆಟ್ಟ ನೆಲ ಎನ್ನಬಾರದು. ಎರಡು, ನೆಲದ ಮೇಲೆ ಏನು ನಡೆದಿದೆ ಎಂಬುದು ಆ ನೆಲದ ಯೋಗ್ಯತೆಯ ಭಾಗ. ಪ್ರಹ್ಲಾದನ ಯಜ್ಞ ಮಂಚಾಲೆಯ ಮಣ್ಣಿನ ಸಾರವನ್ನು ಹೆಚ್ಚಿಸಲಿಲ್ಲ. ಆದರೂ ಆ ಕರ್ಮ ಆ ನೆಲವನ್ನು ಪವಿತ್ರ ಮಾಡಿತು. ಹಾಗಾದರೆ ನೆಲದ ಮೇಲೆ ನಡೆಯುವ ಅನ್ಯಾಯವೂ ಆ ನೆಲಕ್ಕೆ ಅಂಟಬೇಕು.

ಸೀಡ್ ಹತ್ತಿಯ ಹೊಲದಲ್ಲಿ ಏನು ನಡೆಯುತ್ತದೆಂದು ಬಲ್ಲವರಿಗೆ ಈ ಮಾತು ತಾಗುತ್ತದೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹುಡುಕಿ, ಉಗುರಿನಿಂದ ಅದರ ಎಸಳು, ಕೇಸರ ಬಿಡಿಸಿ, ಬಣ್ಣದ ಕಾಗದ ಮುಚ್ಚಬೇಕು. ಮರುದಿನ ಬೆಳಿಗ್ಗೆ ಗಂಡು ಹೂ ತಂದು ಅದಕ್ಕೆ ಮುಟ್ಟಿಸಬೇಕು. ಕ್ರಾಸಿಂಗ್ ಎನ್ನುವುದು ಇದಕ್ಕೇ. ತಡವಾದರೆ ಆ ಹೂವಿನ ಕಾಲ ಮುಗಿಯಿತು. ಹೀಗೆ ಎರಡು ತಿಂಗಳಿಗೂ ಮಿಕ್ಕಿ ದಿನವೂ, ಒಂದೊಂದೇ ಹೂವು, ಕೈಯಿಂದಲೇ. ಎಕರೆಗೆ ಎಷ್ಟೋ ಆಳು ಬೇಕು. ಗಿಡದ ಎತ್ತರ ಮಕ್ಕಳ ಎತ್ತರಕ್ಕೆ ಸರಿಯಾಗುತ್ತದೆ, ಕೂಲಿ ಕಡಿಮೆ ಕೊಟ್ಟರೂ ಕೇಳುವುದಿಲ್ಲ ಎಂದು ಆಂಧ್ರದ ಸೀಡ್ ಹೊಲಗಳಿಗೆ ಚಿಕ್ಕ ಚಿಕ್ಕ ಹೆಣ್ಣುಮಕ್ಕಳನ್ನು ಇಳಿಸಿದರು. ತಾಯಿತಂದೆಗೆ ಮುಂಗಡ ಕೊಟ್ಟು ಮಕ್ಕಳನ್ನು ಕಟ್ಟಿಹಾಕಿದರು. 1990ರ ದಶಕದ ಕೊನೆಯಿಂದ ಸಂಶೋಧಕ ದಾವುಲೂರಿ ವೆಂಕಟೇಶ್ವರ್ಲು ಇದನ್ನು ವರದಿಯ ಮೇಲೆ ವರದಿ ಬರೆದು ಲೋಕಕ್ಕೆ ತಿಳಿಸಿದರು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕವೇ ಎಂದು ಹಿಡಿದು ನಿಂತ ಎಂ.ವಿ. ಫೌಂಡೇಷನ್ನಿನ ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕರವರೆಗಿನ ಪ್ರತಿ ಮಗುವಿಗೂ ಶಿಕ್ಷಣ ಕಾನೂನಿನ ಹಕ್ಕು.

ಕಾನೂನು ಬಂದರೂ ಹಾಜರಿ ಪುಸ್ತಕದಲ್ಲಿ ಕ್ರಾಸಿಂಗ್ ಕಾಲ ಎದ್ದು ಕಾಣುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಕೋಸಗಿ, ಕೌತಾಳಂ ಕಡೆಯ ಊರೂರೇ ಮಕ್ಕಳನ್ನು ಕರೆದುಕೊಂಡು ಗುಂಟೂರಿಗೆ ಸುಗ್ಗಿಗೆ ಹೋಗುವ ಕಾಲ ಬರುತ್ತಿತ್ತು. ಬೇಸಗೆಗೆ ಮರಳಿದ ಹುಡುಗಿ ಕಾಗುಣಿತ ಮರೆತಿರುತ್ತಿದ್ದಳು. ಆಗ ಯಾರೋ ಹೇಳುತ್ತಿದ್ದರು, "ಅವಳಿಗೆ ಓದು ಹತ್ತಂಗಿಲ್ಲ ಬಿಡ್ರಿ ಸಾರ್." ನನಗೆ ಸಿಟ್ಟು ಬರುತ್ತಿದ್ದದ್ದು ಅಲ್ಲಿ. ನೀರು ಬಿಡದೆ ಒಣಗಿಸಿದ ಹೊಲವನ್ನು ನೋಡಿ ಇದು ಬರಡು ಎನ್ನುವವನನ್ನು ಊರಿನಲ್ಲಿ ಯಾರೂ ರೈತ ಎನ್ನುವುದಿಲ್ಲ.

ದಿವಾನ ವೆಂಕಣ್ಣನ ಕತೆಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಆತ ಓದು ಬಾರದ, ದನ ಕುರಿ ಕಾಯುವ ಹುಡುಗ. ದಾರಿಯಲ್ಲಿ ಬಂದ ನವಾಬ ಕಾಗದ ಕೊಟ್ಟು ಓದು ಎಂದಾಗ ಗುರುಗಳನ್ನು ನೆನೆದು ಓದಿದ, ದಿವಾನನಾದ ಎಂದು ಹಿರಿಯರು ಹೇಳುತ್ತಾರೆ. ಇದನ್ನು ಪವಾಡವೆಂದು ಕೈಮುಗಿದು ಸುಮ್ಮನಾಗುವುದು ಸುಲಭ. ನನಗೆ ಅದರಲ್ಲಿ ಆಜ್ಞೆ ಕೇಳಿಸುತ್ತದೆ. ಯಾವ ಕುರಿ ಕಾಯುವವನೊಳಗೆ ದಿವಾನನಿದ್ದಾನೆ ಎಂದು ರಾಯರಿಗೆ ಗೊತ್ತಾಯಿತು. ನನಗೆ ಗೊತ್ತಾಗುವುದಿಲ್ಲ. ಗೊತ್ತಾಗದವನು ಮಾಡಬೇಕಾದದ್ದು ಒಂದೇ, ಎಲ್ಲರ ಕೈಗೂ ಕಾಗದ ಕೊಡುವುದು. ಆರಿಸುವ ಹಕ್ಕು ಬಲ್ಲವನದು. ಬಲ್ಲವರಲ್ಲದ ನಮಗೆ ಉಳಿದಿರುವುದು ಯಾರನ್ನೂ ಬಿಡದಿರುವ ಕರ್ತವ್ಯ.

ಸೀಡ್ ಹತ್ತಿ ಮಾಡುವುದೇ ಬೇಡ ಎಂದು ನಾನು ಹೇಳುವವನಲ್ಲ. ಹೊಳೆಯಾಚೆ ರಾಯಚೂರು, ಗದ್ವಾಲದ ಕಡೆ ಅದರಿಂದ ಬಾಳು ಕಟ್ಟಿಕೊಂಡ ಮನೆಗಳಿವೆ. ನಮ್ಮ ಹುಡುಗರೂ ಬದುಕಬೇಕು. ದೊಡ್ಡ ಹೆಂಗಸರಿಗೆ, ಗಂಡಸರಿಗೆ ಪೂರ್ತಿ ಕೂಲಿ ಕೊಟ್ಟು ಕ್ರಾಸಿಂಗ್ ಮಾಡಿಸಬಹುದು, ಮಾಡಿಸುವವರೂ ಇದ್ದಾರೆ. ಸಣ್ಣ ಬೆರಳೇ ಬೇಕು ಎನ್ನುವುದು ಸಣ್ಣ ಕೂಲಿಗೆ ಹೇಳುವ ನೆಪ. ಪೂರ್ತಿ ಕೂಲಿ ಕೊಟ್ಟರೆ ಗಿಟ್ಟುವುದಿಲ್ಲ ಎನ್ನುವಷ್ಟು ಕಡಿಮೆ ದರ ಬೀಜಕ್ಕೆ ಸಿಗುತ್ತಿದ್ದರೆ, ಆ ದರವನ್ನು ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಕೇಳಿ ಪಡೆಯಬೇಕು, ನಾಲ್ಕು ಜನ ಒಟ್ಟಾಗಿ ಕೇಳಬೇಕು.

ಆದ್ದರಿಂದ ಈಗ ಹುಡುಗರು ಹೊಲ ನೋಡಲು ಕರೆದಾಗ ನಾನು ಮಣ್ಣು ಅಗೆದು ನೋಡುತ್ತೇನೆ, ಬಸಿಗಾಲುವೆ ನೋಡುತ್ತೇನೆ, ಹೋದ ವರ್ಷದ ಬೆಳೆ ಕೇಳುತ್ತೇನೆ, ನೆರೆಯವರ ಬೆಳೆ ಕೇಳುತ್ತೇನೆ. ಕೊನೆಗೆ, "ಕ್ರಾಸಿಂಗ್ ಯಾರು ಮಾಡ್ತಾರಪ್ಪಾ?" ಎಂದು ಕೇಳುತ್ತೇನೆ. ಈ ಪ್ರಶ್ನೆಯನ್ನು ನಾನು ಮಣ್ಣಿನ ಪರೀಕ್ಷೆಯ ಹೊರಗೆ ಇಡುವುದಿಲ್ಲ. ಉತ್ತರ ಸರಿಯಿಲ್ಲದಿದ್ದರೆ, ಎರೆ ಎಷ್ಟೇ ಆಳವಾಗಿರಲಿ, ಈ ಹೊಲ ಸೀಡಿಗೆ ಯೋಗ್ಯವಲ್ಲ ಎಂದು ಹೇಳಿ ಬರುತ್ತೇನೆ. ಕೆಲವರು ಬೇಜಾರಾಗುತ್ತಾರೆ. ಕೆಲವರು ಮರುವರ್ಷ ಬೇರೆ ಉತ್ತರ ಇಟ್ಟುಕೊಂಡು ಬರುತ್ತಾರೆ. ನೆಲವನ್ನು ಆರಿಸುವ ಅಧಿಕಾರ ದೇವರು ನಮಗೆ ಕೊಟ್ಟಿದ್ದಾನೆ, ಏಕೆಂದರೆ ನೆಲದ ಗುಣವನ್ನು ಅಗೆದು, ನೀರು ಹಾಯಿಸಿ, ಬಿತ್ತಿ ತಿಳಿಯಬಹುದು. ಜೀವವನ್ನು ಆರಿಸುವ ಅಧಿಕಾರವನ್ನು ಅವನು ತನ್ನಲ್ಲೇ ಇಟ್ಟುಕೊಂಡಿದ್ದಾನೆ. ಈ ಎರಡರ ನಡುವಿನ ಅಂತರವನ್ನು ಕಾಯದೆ ಹೊಲಗಳ ನಡುವಿನ 30 ಮೀಟರ್ ಅಂತರವನ್ನು ಎಷ್ಟು ನಿಷ್ಠೆಯಿಂದ ಕಾದರೂ ಆ ಬೆಳೆ ಶುದ್ಧವಾಗುವುದಿಲ್ಲ.